ಗಫಾರ್ ಬಾಬಾ: ಮಲಯ್ ಶಾಲೆಯ ಮೇಷ್ಟ್ರು ಉಪಪ್ರಧಾನಿಯಾದರು, ಆಮೇಲೆ ಏಕೆ ಒಂಟಿಯಾದರು?

ಶಾಲೆಬಾಗಿಲು

ಮಲೇಷ್ಯಾದ ರಾಜಕೀಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ದೀರ್ಘಕಾಲ ಪ್ರಧಾನಿಯಾಗಿದ್ದ ಮಹಾತಿರ್, ಅವರ ಉಪಪ್ರಧಾನಿಯಾಗಿದ್ದ ಅನ್ವರ್ ಎಂಬ ಎರಡು ಹೆಸರುಗಳಲ್ಲೇ ಚರ್ಚೆ ಮುಗಿಯುತ್ತದೆ. ಅವರಿಬ್ಬರ ನಡುವೆ ಏಳು ವರ್ಷಕ್ಕೂ ಹೆಚ್ಚು ಕಾಲ ಉಪಪ್ರಧಾನಿಯಾಗಿದ್ದ ಗಫಾರ್ ಬಾಬಾ ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಹಾಗಾಗಿ ಈ ಚರ್ಚೆ.

ಗಫಾರ್ ಹುಟ್ಟಿದ್ದು 1925ರ ಫೆಬ್ರವರಿ 18ರಂದು, ನೆಗೆರಿ ಸೆಂಬಿಲಾನ್ ರಾಜ್ಯದ ಕ್ವಾಲಾ ಪಿಲಾದಲ್ಲಿ, ಬಡ ಕುಟುಂಬದಲ್ಲಿ. ಓದಿದ್ದು ಮಲಯ್ ಮಾಧ್ಯಮದ ಶಾಲೆಯಲ್ಲಿ. ಅನಂತರ ಪೆರಾಕ್ ರಾಜ್ಯದ ತಂಜುಂಗ್ ಮಾಲಿಮ್‌ನಲ್ಲಿರುವ ಸುಲ್ತಾನ್ ಇದ್ರಿಸ್ ತರಬೇತಿ ಕಾಲೇಜಿನಲ್ಲಿ ಶಿಕ್ಷಕರ ತರಬೇತಿ. ಪಾಠ ಹೇಳುತ್ತಲೇ ಮಲಯ್ ಜನರ ಮುಖ್ಯ ಪಕ್ಷವಾದ ಉಮ್ನೊದ ಕೆಲಸಕ್ಕೆ ಇಳಿದವರು 1950ರ ದಶಕದ ಮಧ್ಯದಲ್ಲಿ ನೌಕರಿ ಬಿಟ್ಟು ಪೂರ್ಣಾವಧಿ ರಾಜಕಾರಣಿಯಾದರು. 1959ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ, ಮಲಕ್ಕಾದ ಮುಖ್ಯಮಂತ್ರಿ. 1962ರಿಂದ 1987ರವರೆಗೆ ಸತತವಾಗಿ ಉಮ್ನೊ ಪಕ್ಷದ ಮೂವರು ಉಪಾಧ್ಯಕ್ಷರಲ್ಲಿ ಒಬ್ಬರು. ಇಪ್ಪತ್ತೈದು ವರ್ಷ! ಪ್ರತಿ ಬಾರಿಯೂ ಪ್ರತಿನಿಧಿಗಳ ಮತದಿಂದ ಗೆದ್ದು ಬರಬೇಕಾದ ಹುದ್ದೆ ಅದು ಎಂಬುದನ್ನು ಮರೆಯಬಾರದು.

ಅವರು ಉಪಪ್ರಧಾನಿಯಾಗುವ ಮೊದಲು ದೇಶದ ಪ್ರಧಾನಿಯಾದವರನ್ನು ನೋಡಿ. ತುಂಕು ಅಬ್ದುಲ್ ರಹಮಾನ್ ಕೆಡಾ ರಾಜಮನೆತನದವರು, ಕೇಂಬ್ರಿಜ್‌ನಲ್ಲಿ ಓದಿದವರು. ಅಬ್ದುಲ್ ರಜಾಕ್ ಪಹಾಂಗ್‌ನ ಶ್ರೀಮಂತ ಮನೆತನದವರು, ಲಂಡನ್ನಿನಲ್ಲಿ ಕಾನೂನು ಓದಿದವರು. ಹುಸೇನ್ ಒನ್ ನಮ್ಮ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಪಡೆದು, ಆಮೇಲೆ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದವರು. ಮಹಾತಿರ್ ವೈದ್ಯರು. ಈ ಸಾಲಿನ ಪಕ್ಕದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ, ಇಂಗ್ಲಿಷ್ ಶಾಲೆಯ ಬೆಂಬಲವೂ ಇಲ್ಲದ ಒಬ್ಬ ಮಲಯ್ ಮೇಷ್ಟ್ರು ಬಂದು ನಿಂತರು. ಹೇಗೆ ಬಂದರು ಎಂಬುದು ನನ್ನ ಪ್ರಶ್ನೆ. ಅವರ ಏಳುಬೀಳು ಆ ದೇಶದ ಮಲಯ್ ಶಿಕ್ಷಕ ವರ್ಗದ್ದೇ ಏಳುಬೀಳು ಎಂಬುದು ನನ್ನ ನಂಬಿಕೆ. ತಿಳಿದವರು ಬರೆಯಿರಿ.

ಕಡತಪ್ರಿಯ

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆ ಕಾಲೇಜಿನಿಂದಲೇ ಆರಂಭಿಸಬೇಕು, ಏಕೆಂದರೆ ಅದಿಲ್ಲದೆ ಗಫಾರ್ ಅರ್ಥವಾಗುವುದಿಲ್ಲ.

ಬ್ರಿಟಿಷರು ಮಲಯ್ ಜನರಿಗೆ ಎರಡು ಬಗೆಯ ಶಿಕ್ಷಣ ಇಟ್ಟಿದ್ದರು. ಅರಸುಮಕ್ಕಳಿಗೆ, ಶ್ರೀಮಂತರ ಮಕ್ಕಳಿಗೆ 1905ರಲ್ಲಿ ಆರಂಭವಾದ ಕ್ವಾಲಾ ಕಾಂಗ್ಸಾರ್‌ನ ಮಲಯ್ ಕಾಲೇಜು. ಅಲ್ಲಿ ಇಂಗ್ಲಿಷಿನಲ್ಲಿ ಓದಿ ಆಡಳಿತ ಸೇವೆಗೆ ಸೇರುವುದು. ರೈತರ, ಮೀನುಗಾರರ ಮಕ್ಕಳಿಗೆ ಹಳ್ಳಿಯ ಮಲಯ್ ಪ್ರಾಥಮಿಕ ಶಾಲೆ. ಅದು ಮುಗಿದ ಮೇಲೆ ಮುಂದೆ ದಾರಿಯೇ ಇರಲಿಲ್ಲ. ಮಲಯ್ ಮಾಧ್ಯಮದ ಪ್ರೌಢಶಾಲಾ ತರಗತಿಗಳು ಆರಂಭವಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1958ರಲ್ಲಿ. ಮೀನುಗಾರನ ಮಗನನ್ನು ಅವನ ತಂದೆಗಿಂತ ಜಾಣ ಮೀನುಗಾರನನ್ನಾಗಿ ಮಾಡುವುದೇ ಸರ್ಕಾರದ ಗುರಿ ಎಂದು 1920ರ ವರದಿಯಲ್ಲಿ ಜಾರ್ಜ್ ಮ್ಯಾಕ್ಸ್‌ವೆಲ್ ಎಂಬ ಹಿರಿಯ ಅಧಿಕಾರಿ ಯಾವ ಸಂಕೋಚವೂ ಇಲ್ಲದೆ ಬರೆದಿಟ್ಟಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆ ಗುರಿಗಾಗಿಯೇ 1922ರ ನವೆಂಬರಿನಲ್ಲಿ ತಂಜುಂಗ್ ಮಾಲಿಮ್ ಕಾಲೇಜು ತೆರೆಯಿತು. ಮಲಕ್ಕಾ ಮತ್ತು ಮಾತಾಂಗ್‌ನಲ್ಲಿದ್ದ ಹಳೆಯ ತರಬೇತಿ ಕೇಂದ್ರಗಳನ್ನು ಮುಚ್ಚಿ ಎಲ್ಲವನ್ನೂ ಇಲ್ಲಿಗೆ ತಂದರು. ಇದರ ಹಿಂದಿದ್ದವರು ಬ್ರಿಟಿಷ್ ಶಿಕ್ಷಣಾಧಿಕಾರಿ ರಿಚರ್ಡ್ ವಿನ್‌ಸ್ಟೆಡ್. ಜಾವಾ ಮತ್ತು ಫಿಲಿಪ್ಪೀನ್ಸ್ ಶಾಲೆಗಳನ್ನು ನೋಡಿ ಬಂದು, ಮಲಯ್ ಶಾಲೆಗಳಲ್ಲಿ ಬುಟ್ಟಿ ಹೆಣೆಯುವುದನ್ನೂ ತೋಟಗಾರಿಕೆಯನ್ನೂ ಕಲಿಸಬೇಕು ಎಂದು ವರದಿ ಕೊಟ್ಟವರು ಅವರು. ನಾಳೆ ತರಗತಿಯಲ್ಲಿ ನಿಂತು ಪಾಠ ಮಾಡಬೇಕಾದ ಯುವಕರು ಕೈಯಲ್ಲಿ ಗುದ್ದಲಿ ಹಿಡಿದು ಕಾಲೇಜಿನ ತೋಟದಲ್ಲಿ ಪಾತಿ ಮಾಡುತ್ತಿದ್ದರು. ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅರಸುಮಕ್ಕಳ ಕಾಲೇಜಿನಲ್ಲಿ ಯಾರ ಕೈಗೂ ಗುದ್ದಲಿ ಕೊಡದೆ ಇಲ್ಲಿ ಮಾತ್ರ ಕೊಟ್ಟದ್ದರಲ್ಲಿ ಉದ್ದೇಶ ಬೆತ್ತಲೆಯಾಗಿ ಕಾಣುತ್ತದೆ.

ಆದರೆ ಅವರು ಎಣಿಸದ ಒಂದು ಸಂಗತಿ ನಡೆಯಿತು. ಪೆರ್ಲಿಸ್‌ನಿಂದ ಸಿಂಗಪುರದವರೆಗೆ ಬೇರೆ ಬೇರೆ ಸುಲ್ತಾನರ ಪ್ರಜೆಗಳಾಗಿದ್ದ ಹಳ್ಳಿ ಹುಡುಗರು ಮೊದಲ ಬಾರಿಗೆ ಒಂದೇ ಸೂರಿನಡಿ ಸೇರಿದರು. 1924ರಲ್ಲಿ ಸರ್ಕಾರದ ಮಲಯ್ ಅನುವಾದ ವಿಭಾಗವೂ ಅಲ್ಲಿಗೇ ಬಂತು. ಪ್ರಾಂಶುಪಾಲ ಡಸೆಕ್ ವಿದ್ಯಾರ್ಥಿಗಳ ಪರ ಇದ್ದವರು. ಇಂಡೋನೇಷ್ಯಾದ ಪತ್ರಿಕೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ವಿಧೇಯ ಮೇಷ್ಟ್ರುಗಳನ್ನು ತಯಾರಿಸಲು ಕಟ್ಟಿದ ಸಂಸ್ಥೆಯಿಂದ ರಾಜಕಾರಣಿಗಳು ಹೊರಬಂದರು.

ಮಲಕ್ಕಾಮೋಹಿ

ಕಡತಪ್ರಿಯ ಅವರು ಹೇಳಿದ ಕಾಲೇಜು ಈಗ ಸುಲ್ತಾನ್ ಇದ್ರಿಸ್ ಶಿಕ್ಷಣ ವಿಶ್ವವಿದ್ಯಾಲಯ. 1997ರಲ್ಲಿ ಆ ದರ್ಜೆ ಸಿಕ್ಕಿತು. ಕೌಲಾಲಂಪುರದಿಂದ ಉತ್ತರಕ್ಕೆ ಇಪೋ ಕಡೆಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಮೊದಲ ಕಟ್ಟಡ ಸುಲುಹ್ ಬುದಿಮಾನ್ ಇಂದಿಗೂ ಇದೆ. ಮಲೇಷ್ಯಾದಲ್ಲಿ ಕೆಲಸಕ್ಕಿರುವ ಕನ್ನಡಿಗರು ವಾರಾಂತ್ಯಕ್ಕೆ ಗೆಂಟಿಂಗ್ ಬೆಟ್ಟಕ್ಕೆ ಹೋಗುತ್ತಾರೆ, ಒಮ್ಮೆ ಇಲ್ಲಿಗೂ ಹೋಗಿ ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

ಗಫಾರ್ ಅವರ ಮಲಕ್ಕಾ ಕಾಲದ ಬಗ್ಗೆ ಒಂದು ಮಾತು. ಮಲಕ್ಕಾಕ್ಕೆ ಸುಲ್ತಾನರಿಲ್ಲ. ಪೆನಾಂಗ್‌ನಂತೆ ಅಲ್ಲಿಯೂ ರಾಜ್ಯಪಾಲರು ಮತ್ತು ಮುಖ್ಯಮಂತ್ರಿ. ಅರಮನೆಯ ನಂಟು ಇಲ್ಲದ ಒಬ್ಬ ಮೇಷ್ಟ್ರು ಅಷ್ಟು ಚಿಕ್ಕ ವಯಸ್ಸಿಗೆ ರಾಜ್ಯದ ಚುಕ್ಕಾಣಿ ಹಿಡಿಯಲು ಈ ಸಂಗತಿಯೂ ನೆರವಾಗಿರಬೇಕು ಎಂದು ನನಗೆ ಅನ್ನಿಸುತ್ತದೆ. 1967ರವರೆಗೆ ಎಂಟು ವರ್ಷ ಆ ಹುದ್ದೆಯಲ್ಲಿದ್ದರು.

ನೇರಮಾತು

ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನೀವೆಲ್ಲ ಗಫಾರ್ ಅವರನ್ನು ಅಗತ್ಯಕ್ಕಿಂತ ಎತ್ತರಕ್ಕೆ ಏರಿಸುತ್ತಿದ್ದೀರಿ.

1986ರ ಆರಂಭದಲ್ಲಿ ಮೂಸಾ ಹಿತಾಮ್ ಮಹಾತಿರ್ ಜೊತೆ ಮುನಿಸಿಕೊಂಡು ಉಪಪ್ರಧಾನಿ ಹುದ್ದೆ ಬಿಟ್ಟರು. ಮಹಾತಿರ್ ಅವರಿಗೆ ತಮ್ಮ ಕುರ್ಚಿಗೆ ಕಣ್ಣು ಹಾಕದ ಒಬ್ಬರು ಬೇಕಾಗಿದ್ದರು. ಹತ್ತು ವರ್ಷದಿಂದ ಸಚಿವ ಸಂಪುಟದ ಹೊರಗಿದ್ದ, ಅರವತ್ತು ದಾಟಿದ ಗಫಾರ್ ಸಿಕ್ಕರು. ಮೇ ತಿಂಗಳಲ್ಲಿ ಪ್ರಮಾಣವಚನ ಆಯಿತು. ಇದರಲ್ಲಿ ಮೇಷ್ಟ್ರ ಸಾಧನೆ ಏನಿದೆ? ಅವರು ನಿಷ್ಠಾವಂತರಾಗಿದ್ದರು, ಅಪಾಯಕಾರಿಯಾಗಿರಲಿಲ್ಲ, ಅದಕ್ಕೆ ಕರೆದರು. ಅಪಾಯ ಕಳೆದ ಮೇಲೆ ಯಾರೂ ಅವರ ನೆರವಿಗೆ ಬರಲಿಲ್ಲ.

ಇನ್ನೊಂದು. 1976ರಲ್ಲಿ ಸಂಪುಟ ಬಿಟ್ಟ ಮೇಲೆ ಅವರು ಹಳ್ಳಿ ಶಾಲೆಗೆ ಹಿಂದಿರುಗಲಿಲ್ಲ. ಉದ್ಯಮಕ್ಕೆ ಇಳಿದರು, ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಕುಳಿತರು. ಮೇಷ್ಟ್ರು ಎಂಬ ಪಟ್ಟವನ್ನು ಕೊನೆಯವರೆಗೂ ಅವರ ತಲೆಗೆ ಕಟ್ಟುವುದು ಸರಿಯೇ?

ಶಾಲೆಬಾಗಿಲು

ನೇರಮಾತು ಅವರೇ, ಉದ್ಯಮಕ್ಕೆ ಇಳಿದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಂಪುಟವನ್ನು ಬಿಟ್ಟದ್ದು ಏಕೆ ಎಂಬುದನ್ನೂ ಹೇಳಬೇಕಲ್ಲವೇ?

1976ರ ಜನವರಿ 14ರಂದು ಪ್ರಧಾನಿ ರಜಾಕ್ ಲಂಡನ್ನಿನಲ್ಲಿ ತೀರಿಕೊಂಡರು. ಹುಸೇನ್ ಒನ್ ಪ್ರಧಾನಿಯಾದರು, ಅವರಿಗೊಬ್ಬ ಉಪಪ್ರಧಾನಿ ಬೇಕಾಯಿತು. ಪಕ್ಷದ ಮೂವರು ಚುನಾಯಿತ ಉಪಾಧ್ಯಕ್ಷರೆಂದರೆ ಗಫಾರ್, ತೆಂಕು ರಜಾಲಿ ಹಂಜಾ ಮತ್ತು ಮಹಾತಿರ್. ಮೂವರಲ್ಲಿ ಪಕ್ಷದ ಅನುಭವದಿಂದ ಎಲ್ಲರಿಗಿಂತ ಹಿರಿಯರು ಗಫಾರ್. 1969ರಿಂದ ಸಚಿವರು, ಗ್ರಾಮೀಣಾಭಿವೃದ್ಧಿಯನ್ನೂ ಕೃಷಿಯನ್ನೂ ನೋಡಿಕೊಂಡವರು. ಆದರೂ ಆಯ್ಕೆಯಾದವರು ಮಹಾತಿರ್. ಗಫಾರ್ ಅವರಿಗೆ ಉನ್ನತ ಶಿಕ್ಷಣವಿಲ್ಲ, ಇಂಗ್ಲಿಷ್ ಸಲೀಸಲ್ಲ ಎಂಬುದೇ ಅವರನ್ನು ಬಿಟ್ಟದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಹಳ್ಳಿ ಹುಡುಗರಿಗೆ ಮುಂದಿನ ಶಾಲೆಯನ್ನೇ ಕಟ್ಟದ ಸರ್ಕಾರವೊಂದು ಐವತ್ತು ವರ್ಷದ ಹಿಂದೆ ಎಳೆದ ಗೆರೆ, ಸ್ವತಂತ್ರ ದೇಶದ ಪ್ರಧಾನಿ ಕಚೇರಿಯಲ್ಲೂ ಅಳಿಸಿರಲಿಲ್ಲ. ಗಫಾರ್ ಸಂಪುಟ ಬಿಟ್ಟು ನಡೆದರು. ಪಕ್ಷ ಬಿಡಲಿಲ್ಲ. ಉಪಾಧ್ಯಕ್ಷರಾಗಿಯೇ ಉಳಿದರು, ಆಡಳಿತ ಮೈತ್ರಿಕೂಟದ ಪ್ರಧಾನ ಕಾರ್ಯದರ್ಶಿಯಾಗಿ ಸೀಟು ಹಂಚಿಕೆಯ ಜಗಳಗಳನ್ನು ಬಗೆಹರಿಸುತ್ತ ಇದ್ದರು.

ಹಳೆಯ ಹಾಜರಿಪುಸ್ತಕ

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನೇರಮಾತು ಅವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು.

ಗಫಾರ್ ಅವರ ಬಲ ಪ್ರಧಾನಿಯ ಕೃಪೆಯಲ್ಲಿ ಇರಲಿಲ್ಲ, ಹಳ್ಳಿಗಳಲ್ಲಿ ಇತ್ತು. 1946ರ ಏಪ್ರಿಲ್ 1ರಂದು ಬ್ರಿಟಿಷರು ಮಲಯ್ ರಾಜ್ಯಗಳನ್ನೆಲ್ಲ ಒಂದೇ ಆಡಳಿತಕ್ಕೆ ತಂದ ಮಲಯನ್ ಯೂನಿಯನ್ ಹೇರಿದರು, ಅದನ್ನು ವಿರೋಧಿಸಿ ಮೇ 11ರಂದು ಜೊಹೋರ್ ಬಾರುವಿನಲ್ಲಿ ಉಮ್ನೊ ಹುಟ್ಟಿತು. ನಾಯಕತ್ವ ಒನ್ ಜಾಫರ್ ಅವರಂಥ ದೊಡ್ಡ ಮನೆತನದವರದ್ದು. ಆದರೆ ಹಳ್ಳಿಯಲ್ಲಿ ಸಭೆ ಕರೆಯುವವರು ಯಾರು? ಅರ್ಜಿ ಬರೆಯುವವರು, ಪತ್ರಿಕೆ ಓದಿ ಹೇಳುವವರು, ಶಾಖೆಯ ಲೆಕ್ಕ ಇಡುವವರು ಯಾರು? ಶಾಲೆಯ ಮೇಷ್ಟ್ರು. ಊರಿನಲ್ಲಿ ಸಂಬಳ ಪಡೆಯುವ, ಓದುಬರಹ ಬಲ್ಲ, ಎಲ್ಲರ ಮನೆಯ ಮಕ್ಕಳ ಹೆಸರು ಗೊತ್ತಿರುವ ವ್ಯಕ್ತಿ ಅವರೇ. ಅಂಥ ಸಾವಿರಾರು ಮೇಷ್ಟ್ರುಗಳು ಉಮ್ನೊ ಶಾಖೆಗಳನ್ನು ನಡೆಸಿದರು. ವಾರ್ಷಿಕ ಮಹಾಸಭೆಗೆ ಪ್ರತಿನಿಧಿಗಳಾಗಿ ಬಂದು ಮತ ಹಾಕುತ್ತಿದ್ದವರೂ ಅವರೇ. ತಮ್ಮಲ್ಲೊಬ್ಬನನ್ನು ಅವರು ಇಪ್ಪತ್ತೈದು ವರ್ಷ ಕೈಬಿಡಲಿಲ್ಲ. ನನಗೆ ಇದು ಮನಸ್ಸಿಗೆ ತಟ್ಟುತ್ತದೆ.

ಸಚಿವರಾಗಿ ಮಾಡಿದ ಕೆಲಸವೂ ಅದೇ ಹಳ್ಳಿಯದು. ರಜಾಕ್ ಅವರ ಕಾಲದಲ್ಲಿ ಪ್ರತಿ ಜಿಲ್ಲಾ ಕಚೇರಿಯಲ್ಲೂ ಗ್ರಾಮೀಣಾಭಿವೃದ್ಧಿಯ ಕೆಂಪು ಪುಸ್ತಕ ಇರುತ್ತಿತ್ತು. ಜಿಲ್ಲೆಯ ನಕ್ಷೆ, ಅದರ ಮೇಲೆ ಹೊದಿಸುವ ಪಾರದರ್ಶಕ ಹಾಳೆಗಳು. ಒಂದು ಹಾಳೆಯಲ್ಲಿ ರಸ್ತೆ, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಶಾಲೆ. ಪ್ರಧಾನಿಯೋ ಸಚಿವರೋ ಬಂದಾಗ ಅಧಿಕಾರಿ ಹಾಳೆ ಎತ್ತಿ ತೋರಿಸಿ, ಯಾವ ಸೇತುವೆ ಎಲ್ಲಿಗೆ ನಿಂತಿದೆ, ಏಕೆ ನಿಂತಿದೆ ಎಂದು ಉತ್ತರ ಹೇಳಲೇಬೇಕಿತ್ತು. ಭೂಹೀನರಿಗೆ ರಬ್ಬರ್, ತಾಳೆ ತೋಟ ಕೊಟ್ಟು ನೆಲೆಗೊಳಿಸಿದ ಫೆಲ್ಡಾ 1956ರಲ್ಲಿ ಆರಂಭವಾದದ್ದು. ಮಲಯ್ ಯುವಕರಿಗೆ ತಾಂತ್ರಿಕ ಶಿಕ್ಷಣ, ಸಾಲ ಕೊಡಲು 1966ರಲ್ಲಿ ಹುಟ್ಟಿದ ಮಾರಾ ಸಂಸ್ಥೆಗೆ ಗಫಾರ್ ಆರಂಭದ ವರ್ಷಗಳಲ್ಲೇ ಅಧ್ಯಕ್ಷರಾದರು. ತನಗೆ ಸಿಗದ ಮುಂದಿನ ಓದನ್ನು ಇನ್ನೊಬ್ಬರಿಗೆ ಸಿಗುವಂತೆ ಮಾಡುವ ಕುರ್ಚಿ ಅದು.

ಸಮಪಾಲು

ಹಿರಿಯರೇ, ಮಾರಾ ಬಗ್ಗೆ ನಿಮ್ಮ ಮಾತು ಅರ್ಧ ಮಾತ್ರ. 1969ರ ಮೇ 13ರ ಮಲಯ್-ಚೀನೀ ಗಲಭೆಯ ನಂತರ ಬಂದ ಹೊಸ ಆರ್ಥಿಕ ನೀತಿಯಲ್ಲಿ ಮಲಯ್ ಹಳ್ಳಿಗರಿಗೆ ಬಾಗಿಲು ತೆರೆಯಿತು, ಸರಿ. ಅದೇ ಸಮಯದಲ್ಲಿ ರಬ್ಬರ್ ತೋಟದ ಲೈನ್ ಮನೆಗಳಲ್ಲಿದ್ದ ತಮಿಳು ಕೂಲಿಗಳ ಮಕ್ಕಳು ತೋಟದ ಶಾಲೆಯಲ್ಲೇ ಉಳಿದರು. ಅವರೂ ಬ್ರಿಟಿಷರ ಅದೇ ಯೋಜನೆಯ ಬಲಿಗಳು: ಕೂಲಿಯ ಮಗ ಕೂಲಿಯೇ ಆಗಲಿ ಎಂದು ಕಟ್ಟಿದ ಶಾಲೆಗಳವು. ಆ ಬೀಗದ ನೋವು ಗೊತ್ತಿದ್ದ ಮೇಷ್ಟ್ರು ಪಕ್ಕದ ಬಾಗಿಲನ್ನೂ ತೆರೆಸಬೇಕಿತ್ತು ಎಂದು ಕೇಳುವ ಹಕ್ಕು ನಮಗಿದೆ. ಅವರನ್ನು ಮೆಚ್ಚುತ್ತಲೇ ಇದನ್ನು ಕೇಳುತ್ತಿದ್ದೇನೆ.

ಕಡತಪ್ರಿಯ

ಸಮಪಾಲು ಅವರ ಪ್ರಶ್ನೆ ನ್ಯಾಯವಾದದ್ದು. ಮೈತ್ರಿಕೂಟದ ಒಳಗೆ ಚೀನೀ ಮತ್ತು ಭಾರತೀಯ ಪಕ್ಷಗಳೊಂದಿಗೆ ಮಾತುಕತೆ ನಡೆಸುವುದರಲ್ಲಿ ಗಫಾರ್ ಪಳಗಿದವರು. ಆದರೆ ಅದು ಸೀಟಿನ ರಾಜಿ. ತೋಟದ ಶಾಲೆಗೆ ಅದರಿಂದ ದಕ್ಕಿದ್ದು ಕಡಿಮೆ.

ಅದೇ ಕಾಲೇಜಿನಿಂದ ಬಂದ ಇನ್ನೊಬ್ಬ ಮೇಷ್ಟ್ರನ್ನೂ ಇಲ್ಲಿ ನೆನೆಯಬೇಕು. ಇಬ್ರಾಹಿಂ ಯಾಕೂಬ್. ಪಹಾಂಗ್‌ನ ತೆಮೆರ್ಲೋದಲ್ಲಿ 1911ರಲ್ಲಿ ಜನನ. 1931ರಲ್ಲಿ ಕಾಲೇಜು ಮುಗಿಸಿ ಶಿಕ್ಷಕರಾದರು, ಆಮೇಲೆ ಪತ್ರಕರ್ತರು. 1938ರಲ್ಲಿ ಮಲಯ್ ಯುವಕರ ಸಂಘ ಕಟ್ಟಿದರು. ಸುಲ್ತಾನರೂ ಬೇಡ, ಬ್ರಿಟಿಷರೂ ಬೇಡ, ಇಂಡೋನೇಷ್ಯಾದೊಂದಿಗೆ ಕೂಡಿದ ಒಂದೇ ದೇಶ ಬೇಕು ಎಂಬ ನಿಲುವು. 1941ರ ಡಿಸೆಂಬರಿನಲ್ಲಿ ಬ್ರಿಟಿಷರು ಜೈಲಿಗೆ ಹಾಕಿದರು. ಸಿಂಗಪುರ ಬಿದ್ದ ಮೇಲೆ ಜಪಾನೀಯರು ಬಿಡಿಸಿ ಸ್ವಯಂಸೇವಾ ಪಡೆಯ ಮುಖ್ಯಸ್ಥನನ್ನಾಗಿ ಮಾಡಿದರು. 1945ರ ಆಗಸ್ಟಿನಲ್ಲಿ ತೈಪಿಂಗ್‌ನಲ್ಲಿ ಸುಕಾರ್ನೊ ಅವರನ್ನು ಭೇಟಿಯಾದರು, ಕೆಲವೇ ದಿನಗಳಲ್ಲಿ ಜಪಾನ್ ಶರಣಾಯಿತು, ಕನಸು ಮುರಿಯಿತು. ಜಕಾರ್ತಕ್ಕೆ ಹೋದವರು ಹೆಸರು ಬದಲಿಸಿಕೊಂಡು ಅಲ್ಲಿಯೇ ಬಾಳಿದರು. 1979ರಲ್ಲಿ ತೀರಿಕೊಂಡಾಗ ಅವರನ್ನು ಇಂಡೋನೇಷ್ಯಾದ ಕಾಲಿಬಾತಾ ವೀರರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಜಪಾನೀಯರ ಹಣವನ್ನೂ ಪಡೆದಿದ್ದರು, ಆ ಕಲೆ ಅಳಿಯುವಂಥದ್ದಲ್ಲ. ಅರಮನೆಯನ್ನು ಎದುರಿಸಿದ ಮೇಷ್ಟ್ರು ದೇಶವನ್ನೇ ಬಿಡಬೇಕಾಯಿತು. ಅರಮನೆಯವರ ಪಕ್ಷದೊಳಗೆ ತಾಳ್ಮೆಯಿಂದ ನಡೆದ ಮೇಷ್ಟ್ರು ಉಪಪ್ರಧಾನಿಯಾದರು. ಗಫಾರ್ ಅವರ ಎಚ್ಚರಿಕೆಯ ಸ್ವಭಾವವನ್ನು ಅಳೆಯುವಾಗ ಈ ಹಿನ್ನೆಲೆ ನೆನಪಿರಲಿ.

ಸ್ಲೇಟುಬಳಪ

ಇಷ್ಟೊತ್ತು ಗಂಡಸರ ಕಾಲೇಜಿನ ಕಥೆಯೇ ನಡೆಯಿತು. ಮಲಯ್ ಮಹಿಳೆಯರಿಗೆ ತರಬೇತಿ ಕಾಲೇಜು ಬಂದದ್ದು 1935ರಲ್ಲಿ, ಮಲಕ್ಕಾದ ದುರಿಯಾನ್ ದಾವುನ್‌ನಲ್ಲಿ. ಅದಕ್ಕೂ ಮೊದಲೇ ಪಾಠ ಹೇಳುತ್ತಿದ್ದ ಜೈನೊನ್ ಸುಲೈಮಾನ್ ಅವರನ್ನು ಯಾರೂ ಹೆಸರಿಸಲಿಲ್ಲ. ಜನ ಪ್ರೀತಿಯಿಂದ ಇಬು ಜೈನ್ ಎನ್ನುತ್ತಿದ್ದರು.

1903ರಲ್ಲಿ ಮಲಕ್ಕಾದಲ್ಲಿ ಜನನ. ತಂದೆ ಮುನ್ಶಿ, ಬ್ರಿಟಿಷ್ ಅಧಿಕಾರಿಗಳಿಗೆ ಮಲಯ್ ಕಲಿಸುತ್ತಿದ್ದವರು. ಮಗಳನ್ನು ಶಾಲೆಗೆ ಕಳುಹಿಸಿದ್ದಕ್ಕೆ ಊರವರು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಅವರು ಓದಿದರು, ಜೊಹೋರ್‌ನಲ್ಲಿ ಶಿಕ್ಷಕಿಯಾದರು, ಅಲ್ಲಿನ ಮಲಯ್ ಶಿಕ್ಷಕಿಯರನ್ನು ಸಂಘಟಿಸಿದರು. ಆ ಸಂಘ 1930ರಲ್ಲಿ ‘ಬುಲಾನ್ ಮಲಯು’ ಎಂಬ ಪತ್ರಿಕೆ ಹೊರತಂದಿತು, ಸಂಪಾದಕತ್ವ ಅವರದು. ಹೆಣ್ಣುಮಕ್ಕಳೇ ಬರೆದು, ಹೆಣ್ಣುಮಕ್ಕಳೇ ನಡೆಸಿದ ಪತ್ರಿಕೆ. 1950ರಿಂದ 1953ರವರೆಗೆ ಉಮ್ನೊ ಮಹಿಳಾ ವಿಭಾಗದ ಮುಖ್ಯಸ್ಥೆ. 1959ರಲ್ಲಿ, ಅಂದರೆ ಗಫಾರ್ ಮುಖ್ಯಮಂತ್ರಿಯಾದ ವರ್ಷವೇ, ಪೊಂತಿಯಾನ್ ಸೆಲಾತನ್‌ನಿಂದ ಸಂಸತ್ತಿಗೆ ಗೆದ್ದರು. 1989ರಲ್ಲಿ ನಿಧನ. ಸಚಿವ ಸ್ಥಾನ ಅವರಿಗೆ ಸಿಗಲಿಲ್ಲ. ಹಳ್ಳಿಯ ಮೇಷ್ಟ್ರಿಗೆ ಪಕ್ಷದಲ್ಲಿ ಏಣಿ ಇತ್ತು, ಹಳ್ಳಿಯ ಶಿಕ್ಷಕಿಗೆ ಆ ಏಣಿ ಅರ್ಧಕ್ಕೇ ನಿಂತಿತ್ತು. ಗಫಾರ್ ಅವರ ಬಗ್ಗೆ ಅನ್ಯಾಯದ ಮಾತಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶಾಲೆಬಾಗಿಲು

ಸ್ಲೇಟುಬಳಪ ಮೇಡಂ, ಇಬು ಜೈನ್ ಅವರ ಬಗ್ಗೆ ದಯವಿಟ್ಟು ಪ್ರತ್ಯೇಕ ಚರ್ಚೆ ಆರಂಭಿಸಿ, ನಾನು ಖಂಡಿತ ಬರುತ್ತೇನೆ.

ಈಗ 1987ಕ್ಕೆ ಬರೋಣ, ನನಗೆ ಈ ಬದುಕಿನ ಕೀಲಿ ಕಾಣುವುದು ಅಲ್ಲೇ. ಏಪ್ರಿಲ್ 24. ಕೌಲಾಲಂಪುರದ ಪುತ್ರಾ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಉಮ್ನೊ ಚುನಾವಣೆ, ಪಕ್ಷ ಸೀಳಿಹೋಗಿತ್ತು. ಒಂದು ಕಡೆ ಮಹಾತಿರ್ ಮತ್ತು ಗಫಾರ್. ಇನ್ನೊಂದು ಕಡೆ ರಜಾಲಿ ಮತ್ತು ಮೂಸಾ. ಮತ ಹಾಕಿದವರು 1,479 ಪ್ರತಿನಿಧಿಗಳು. ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಮಹಾತಿರ್‌ಗೆ 761, ರಜಾಲಿಗೆ 718. ಅಂತರ ಕೇವಲ 43. ಉಪಾಧ್ಯಕ್ಷರಿಗಿಂತ ಮೇಲಿನ ಎರಡನೆಯ ಸ್ಥಾನಕ್ಕೆ ಗಫಾರ್‌ಗೆ 739, ಮೂಸಾಗೆ 699. ಅಂತರ 40, ಅಸಿಂಧುವಾದ ಮತಗಳು 41! ಅಸಿಂಧು ಮತಗಳು ಗೆಲುವಿನ ಅಂತರಕ್ಕಿಂತ ಒಂದು ಹೆಚ್ಚು. ಅಷ್ಟು ಕೂದಲೆಳೆಯ ಹೋರಾಟದಲ್ಲಿ ಹಳ್ಳಿ ಶಾಖೆಗಳಿಂದ ಗಫಾರ್ ತಂದ ಮತಗಳಿಲ್ಲದೆ ಮಹಾತಿರ್ ಉಳಿಯುತ್ತಿದ್ದರೇ? ನೇರಮಾತು ಅವರೇ, ಕರೆದವರು ಕೃಪೆಯಿಂದ ಕರೆದರು ಎನ್ನುತ್ತೀರಿ. ಕರೆದವರಿಗೆ ಇವರ ಅಗತ್ಯವಿತ್ತು ಎನ್ನುತ್ತೇನೆ ನಾನು.

ಅದೇ ಸಭಾಂಗಣದಲ್ಲಿ ಇನ್ನೊಂದು ಬದಲಾವಣೆಯೂ ಕುಳಿತಿತ್ತು. 1981ರ ಮಹಾಸಭೆಯ ಪ್ರತಿನಿಧಿಗಳಲ್ಲಿ ಶಿಕ್ಷಕರು ಸುಮಾರು ಶೇಕಡಾ 41. 1987ರಲ್ಲಿ ಅವರು ಶೇಕಡಾ 19ಕ್ಕೆ ಇಳಿದಿದ್ದರು, ಉದ್ಯಮಿಗಳು ಶೇಕಡಾ 25. ಆರೇ ವರ್ಷದಲ್ಲಿ! ಸರ್ಕಾರಿ ಗುತ್ತಿಗೆ, ಪರವಾನಗಿ, ಷೇರು ಇವೆಲ್ಲ ಪಕ್ಷದ ಹುದ್ದೆಯೊಂದಿಗೆ ಬೆಸೆದುಕೊಂಡಾಗ ವಿಭಾಗದ ಅಧ್ಯಕ್ಷಗಿರಿಗೆ ಬೆಲೆ ಬಂತು, ಆ ಬೆಲೆ ಮೇಷ್ಟ್ರ ಸಂಬಳಕ್ಕೆ ನಿಲುಕುವಂತಿರಲಿಲ್ಲ. ಗಫಾರ್ ಗೆದ್ದ ದಿನವೇ ಅವರನ್ನು ಗೆಲ್ಲಿಸುತ್ತಿದ್ದ ವರ್ಗ ಸಭಾಂಗಣದಿಂದ ಹೊರಗೆ ನಡೆಯುತ್ತಿತ್ತು.

ನೇರಮಾತು

ಅಂಕಿಗಳು ಗಟ್ಟಿಯಾಗಿವೆ, ಒಪ್ಪುತ್ತೇನೆ. ಆದರೂ ಪಕ್ಷದ ಆ ಎರಡನೆಯ ಸ್ಥಾನಕ್ಕಾಗಿ 1993ರಲ್ಲಿ ಅನ್ವರ್ ಎದುರು ಗಫಾರ್ ಕಂಡ ಸೋಲಿಗೆ ಹಣವೊಂದೇ ಕಾರಣ ಎನ್ನಲಾರೆ. ಗಫಾರ್ ಅವರಿಗೆ ಆಗ 68 ವರ್ಷ. ಅನ್ವರ್‌ಗೆ 46. ಅನ್ವರ್ ವಿದ್ಯಾರ್ಥಿ ಚಳವಳಿಯಿಂದ ಬಂದವರು, ಶಿಕ್ಷಣ ಮತ್ತು ಹಣಕಾಸು ಖಾತೆಗಳನ್ನು ನಿಭಾಯಿಸಿದವರು. ಹೊಸ ತಲೆಮಾರು ಹೊಸ ನಾಯಕನನ್ನು ಬಯಸಿತು. ಇದು ಎಲ್ಲ ಪಕ್ಷಗಳಲ್ಲೂ ಆಗುವಂಥದ್ದು.

ಹಳೆಯ ಹಾಜರಿಪುಸ್ತಕ

ವಯಸ್ಸಿನ ಮಾತು ಇರಬಹುದು, ಆದರೆ ನಡೆದ ರೀತಿ ನೋಡಿ. ಪಕ್ಷದ ವಿಭಾಗಗಳು ಒಂದಾದ ಮೇಲೊಂದು ಅನ್ವರ್ ಹೆಸರನ್ನೇ ಸೂಚಿಸಿದವು. ನವೆಂಬರಿನ ಮತದಾನದ ತನಕ ಹೋಗುವುದೇ ವ್ಯರ್ಥವಾಯಿತು. 1988ರಲ್ಲಿ ನ್ಯಾಯಾಲಯ ಉಮ್ನೊ ಪಕ್ಷವನ್ನೇ ಕಾನೂನುಬಾಹಿರ ಎಂದು ಸಾರಿದಾಗ, ಹೊಸ ಉಮ್ನೊ ಕಟ್ಟುವಾಗ, 1989ರ ಆರಂಭದಲ್ಲಿ ಮಹಾತಿರ್ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದಾಗ, 1991ರಲ್ಲಿ ಪಕ್ಷ ಸಬಾ ರಾಜ್ಯಕ್ಕೆ ಕಾಲಿಟ್ಟಾಗ, ಪ್ರತಿ ಸಲವೂ ಹೊರೆ ಹೊತ್ತವರು ಗಫಾರ್. 1993ರ ಅಕ್ಟೋಬರ್ 15ರಂದು ಅವರು ಉಪಪ್ರಧಾನಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಮಹಾತಿರ್ ಅವರಿಂದ ಒಂದು ಗಟ್ಟಿ ಮಾತು ಬಂದಿದ್ದರೆ ಇಷ್ಟು ಕಹಿಯಾಗುತ್ತಿರಲಿಲ್ಲ. ನನಗಂತೂ ಇದನ್ನು ಬರೆಯುವಾಗ ಇಂದಿಗೂ ನೋವಾಗುತ್ತದೆ.

ಮಲಕ್ಕಾಮೋಹಿ

ಒಂದು ಅಂಶ ಸೇರಿಸುತ್ತೇನೆ. ಅನ್ವರ್ ಓದಿದ್ದು ಕಡತಪ್ರಿಯ ಅವರು ಮೊದಲು ಹೇಳಿದ ಕ್ವಾಲಾ ಕಾಂಗ್ಸಾರ್ ಕಾಲೇಜಿನಲ್ಲೇ. ಅಷ್ಟರಲ್ಲಿ ಅದು ಅರಸುಮಕ್ಕಳದ್ದಷ್ಟೇ ಆಗಿ ಉಳಿದಿರಲಿಲ್ಲ, ಜಾಣ ವಿದ್ಯಾರ್ಥಿಗಳಿಗೆ ತೆರೆದಿತ್ತು. ಅನ್ವರ್ ಅವರ ತಂದೆ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದವರು. ಹಾಗಾಗಿ ಇದನ್ನು ಅರಮನೆ ಮತ್ತು ಗುಡಿಸಲಿನ ಜಗಳ ಎನ್ನಲಾಗದು. ಸಾಮಾನ್ಯ ಮಲಯ್ ಕುಟುಂಬದ ಹುಡುಗನಿಗೆ ಮೇಲಕ್ಕೆ ಹೋಗಲು ಬೇರೆ ದಾರಿಗಳು ತೆರೆದಿದ್ದವು, ಮೇಷ್ಟ್ರಾಗುವುದೊಂದೇ ದಾರಿ ಎಂಬ ಕಾಲ ಮುಗಿದಿತ್ತು. ಆ ದಾರಿಗಳನ್ನು ತೆರೆದವರಲ್ಲಿ ಗಫಾರ್ ಕೂಡ ಒಬ್ಬರು.

ಶಾಲೆಬಾಗಿಲು

ಮಲಕ್ಕಾಮೋಹಿ ಅವರ ಮಾತು ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಹಣದ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ. 68 ವರ್ಷ ಕಾರಣವಾಗಿದ್ದರೆ ಅದೇ ವರ್ಷ ಹುಟ್ಟಿದ ಮಹಾತಿರ್ ಅವರನ್ನೂ ಪಕ್ಷ ಕೇಳಬೇಕಿತ್ತು. ಅವರೂ 1925ರವರೇ, ಜುಲೈ ತಿಂಗಳಿನವರು. ಅವರು ಇನ್ನೂ ಹತ್ತು ವರ್ಷ ಪ್ರಧಾನಿಯಾಗಿ ಮುಂದುವರಿದರು.

ಗಫಾರ್ ಆಮೇಲೂ ಮನೆಯಲ್ಲಿ ಕೂರಲಿಲ್ಲ. ಮಲಕ್ಕಾದ ಬಾತು ಬೆರೆಂಡಾಮ್ ಕ್ಷೇತ್ರದ ಸಂಸದರಾಗಿ 2004ರವರೆಗೆ ಇದ್ದರು. 2006ರ ಏಪ್ರಿಲ್ 23ರಂದು ನಿಧನರಾದಾಗ ಕೌಲಾಲಂಪುರದ ರಾಷ್ಟ್ರೀಯ ಮಸೀದಿಯ ವೀರರ ಸಮಾಧಿ ಆವರಣದಲ್ಲಿ, ರಜಾಕ್ ಮತ್ತು ಹುಸೇನ್ ಒನ್ ಇರುವಲ್ಲೇ, ಮಣ್ಣು ಮಾಡಿದರು.

ಸಮಪಾಲು ಅವರೇ, ತೋಟದ ತಮಿಳು ಶಾಲೆಗಳ ಬಗ್ಗೆ ನಿಮ್ಮ ಪ್ರಶ್ನೆ ಇನ್ನೂ ಉತ್ತರ ಕೇಳುತ್ತಿದೆ. 1970ರ ದಶಕದ ಗ್ರಾಮೀಣಾಭಿವೃದ್ಧಿ ಯೋಜನೆಗಳಿಂದ ತೋಟದ ಲೈನ್ ಮನೆಗಳು ಏಕೆ ಹೊರಗುಳಿದವು ಎಂಬುದನ್ನು ಓದಿದವರು ಇಲ್ಲೇ ಮುಂದುವರಿಸಿ.